ಸಣ್ಣ ಡ್ರೋನ್ ಹಾರಿತು, ದೊಡ್ಡದು ಮಾಡಿದರೆ ನಾವೂ ಹಾರಬಹುದೇ?

"ಡ್ರೋನ್ ಮೇಲೇಳುತ್ತದೆ. ಅದನ್ನೇ ದೊಡ್ಡದು ಮಾಡಿ ಕುರ್ಚಿ ಕಟ್ಟಿದರೆ ಮನುಷ್ಯನೂ ಹಾರುತ್ತಾನೆ" ಎನ್ನುವ ವಿಡಿಯೊಗಳು ನಿಮ್ಮ ಗ್ರೂಪಿಗೂ ಬಂದಿರಬಹುದು. ಗಂಗಾವತಿ ಕಡೆ ಭತ್ತದ ಗದ್ದೆಗೆ ಔಷಧಿ ಹೊಡೆಯುವ ಡ್ರೋನ್ ನೋಡಿದವರಿಗೆ ಇದು ನಿಜವೆನಿಸುವುದು ಸಹಜ. ಲೆಕ್ಕ ಮಾತ್ರ ಬೇರೆ ಹೇಳುತ್ತದೆ.

ಡ್ರೋನಿನ ಉದ್ದ, ಅಗಲ, ಎತ್ತರ ಮೂರನ್ನೂ ಎರಡು ಪಟ್ಟು ಮಾಡಿ. ತೂಕ 2×2×2, ಅಂದರೆ 8 ಪಟ್ಟಾಗುತ್ತದೆ. ಪ್ರೊಪೆಲ್ಲರ್ ಸುತ್ತುವ ವೃತ್ತದ ವಿಸ್ತೀರ್ಣ 4 ಪಟ್ಟು ಮಾತ್ರ. ರೆಕ್ಕೆಯ ತುದಿಯ ವೇಗ ಮೊದಲಿನಷ್ಟೇ ಇದ್ದರೆ ಎತ್ತುವ ಬಲವೂ ಸುಮಾರು 4 ಪಟ್ಟೇ. ಇನ್ನೂ ಜೋರಾಗಿ ತಿರುಗಿಸೋಣ ಎಂದರೆ ಅದಕ್ಕೂ ಮಿತಿಯಿದೆ. ಕುಷ್ಟಗಿ, ಯಲಬುರ್ಗಾ ಕಡೆಯ ಗಾಳಿಯಂತ್ರ ಸೋಮಾರಿಯಂತೆ ಕಂಡರೂ ಅದರ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ. ದಾಟಬಲ್ಲದು. ಪ್ರೊಪೆಲ್ಲರ್ ತುದಿ ಅದಕ್ಕಿಂತ ಎಷ್ಟೋ ವೇಗ. ಅದು ಶಬ್ದದ ವೇಗದ (ಸೆಕೆಂಡಿಗೆ ಸುಮಾರು 340 ಮೀಟರ್) ಸಮೀಪ ಹೋದರೆ ವಿಪರೀತ ಗದ್ದಲ, ಶಕ್ತಿಯೂ ಪೋಲು.

ಹಾಗಾದರೆ ಎಂಜಿನಿಯರುಗಳು ಮಾದರಿ ಕಟ್ಟುವುದೇಕೆ? ಹಾರಿಸಿ ತೋರಿಸುವುದಕ್ಕಿಂತ ಮೊದಲು, ಅಳೆಯಲು. ಅರ್ಧ ಅಳತೆಯ ಪ್ರೊಪೆಲ್ಲರನ್ನು ಸ್ಟ್ಯಾಂಡಿಗೆ ಬಿಗಿದು, ನಿಮಿಷಕ್ಕೆ ಎರಡು ಪಟ್ಟು ಸುತ್ತು ತಿರುಗಿಸಿದರೆ ತುದಿಯ ವೇಗ ದೊಡ್ಡದರಷ್ಟೇ ಆಗುತ್ತದೆ. ಆಗ ಸೆನ್ಸರ್ 10 ಕೆಜಿ ಬಲ ತೋರಿಸಿದರೆ ದೊಡ್ಡದರಲ್ಲಿ ಸುಮಾರು 40 ಕೆಜಿ ಸಿಗುತ್ತದೆ. 'ಸುಮಾರು' ಏಕೆಂದರೆ ಸಣ್ಣ ರೆಕ್ಕೆಗೆ ಗಾಳಿಯ ಅಂಟುತನ ಹೆಚ್ಚು ಕಾಡುತ್ತದೆ. ಇದನ್ನು ರೆನಾಲ್ಡ್ಸ್ ಸಂಖ್ಯೆಯಿಂದ ಅಂದಾಜಿಸಿ ಲೆಕ್ಕ ತಿದ್ದುತ್ತಾರೆ. ಮೋಟಾರ್ ಎಷ್ಟು ವಿದ್ಯುತ್ ಎಳೆಯಿತು ಎಂಬುದೂ ಇಲ್ಲೇ ಗೊತ್ತಾಗುತ್ತದೆ. ನಿಂತಲ್ಲಿಂದ ನೇರ ಮೇಲೇಳುವ ವಿಮಾನಕ್ಕೆ ಬ್ಯಾಟರಿಯೇ ದೊಡ್ಡ ತಲೆನೋವು. ತೂಕ ಅಷ್ಟೇ ಇದ್ದು ಪ್ರೊಪೆಲ್ಲರಿನ ವ್ಯಾಸ ಎರಡು ಪಟ್ಟಾದರೆ, ಗಾಳಿಯಲ್ಲಿ ನಿಲ್ಲಲು ಬೇಕಾದ ಶಕ್ತಿ ತಾತ್ವಿಕವಾಗಿ ಅರ್ಧಕ್ಕಿಳಿಯುತ್ತದೆ.

ಸ್ಟ್ಯಾಂಡಿನ ಇನ್ನೊಂದು ಉಪಯೋಗ: ಏನಾದರೂ ಮುರಿದರೆ ಹತ್ತಿರ ಯಾರೂ ಇರುವುದಿಲ್ಲ. 2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಯವತ್ಮಾಳ್ ಜಿಲ್ಲೆಯ 24 ವರ್ಷದ ಯುವಕನೊಬ್ಬ ತಾನೇ ಕಟ್ಟಿದ ಹೆಲಿಕಾಪ್ಟರಿನೊಳಗೆ ಕೂತು ಎಂಜಿನ್ ಪರೀಕ್ಷಿಸುತ್ತಿದ್ದ. ರೋಟರ್ ಮುರಿದು ತಲೆಗೆ ಬಡಿದು ಸತ್ತ. ಅವನ ವಿಡಿಯೊ ಕೂಡ ಎಲ್ಲ ಗ್ರೂಪುಗಳಲ್ಲಿ ಓಡಾಡಿತು. ಆ ಹುಡುಗನಿಗೆ ಜಾಣತನದ ಕೊರತೆಯಿರಲಿಲ್ಲ. ಇಂಥ ಸ್ಟ್ಯಾಂಡ್ ಇರಲಿಲ್ಲ.

ನಮ್ಮ ಬೆಂಗಳೂರಿನ ಸರಳಾ ಏವಿಯೇಷನ್ ಹಾರುವ ಟ್ಯಾಕ್ಸಿ ಮಾಡಲು ಹೊರಟಿರುವ ಕಂಪನಿ. ಅದರ ಪೂರ್ಣ ವಿಮಾನದ ರೆಕ್ಕೆ 15 ಮೀಟರ್. ಆದರೆ 2025ರ ಡಿಸೆಂಬರ್‌ನಲ್ಲಿ ಅವರು ನೆಲದ ಮೇಲೆ ಪರೀಕ್ಷೆ ಶುರು ಮಾಡಿದ್ದು ಅರ್ಧ ಅಳತೆಯ, 7.5 ಮೀಟರ್ ರೆಕ್ಕೆಯ ವಿಮಾನದಿಂದ. 'ನಾಳೆಯೇ ಹಾರುವ ಟ್ಯಾಕ್ಸಿ' ಎಂಬ ಫಾರ್ವರ್ಡ್ ಬಂದರೆ ಈ ಎರಡು ಅಂಕಿಗಳನ್ನು ಅದರ ಕೆಳಗೆ ಬರೆದು ಕಳಿಸಿ.