ತಾಳೆಗರಿಯಿಂದ ನಾಗರಿ ಲಿಪಿಗೆ

ತುಳು ಮನೆಮಾತಾಗಿರುವ ವೇಣೂರಿನಲ್ಲಿ 1604ರಲ್ಲಿ ಅಜಿಲ ಅರಸ ತಿಮ್ಮಣ್ಣ ನಿಲ್ಲಿಸಿದ ಬಾಹುಬಲಿಯ ಇಕ್ಕೆಲದ ಶಾಸನಗಳಲ್ಲಿ ಒಂದು ಸಂಸ್ಕೃತದಲ್ಲಿಯೂ ಮತ್ತೊಂದು ಕನ್ನಡದಲ್ಲಿಯೂ ಇದ್ದು, ಇಲ್ಲಿನ ಜೈನ ಸಮುದಾಯವು ಹಲವು ಭಾಷೆಗಳ ನಡುವೆ ಬಾಳಿದುದಕ್ಕೆ ಸಾಕ್ಷಿಯಾಗಿವೆ. ಇದಕ್ಕಿಂತಲೂ ಮಹತ್ವದ ನಿದರ್ಶನ ಸಮೀಪದ ಮೂಡುಬಿದಿರೆಯಲ್ಲಿದೆ. ಜೀವ ಮತ್ತು ಕರ್ಮಗಳ ಸಂಬಂಧವನ್ನು ನಿರೂಪಿಸುವ ದಿಗಂಬರ ಜೈನರ ಪ್ರಾಚೀನ ಪ್ರಾಕೃತ ಗ್ರಂಥ ‘ಷಟ್ಖಂಡಾಗಮ’ಕ್ಕೆ 9ನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಪ್ರಾಕೃತ, ಸಂಸ್ಕೃತಗಳನ್ನು ಬೆರೆಸಿ ಬರೆದ ‘ಧವಲಾ’ ಟೀಕೆ, ಎಂದರೆ ವಿವರಣಾ ಗ್ರಂಥ, ಹಳೆಯ ಕನ್ನಡ ಲಿಪಿಯ ತಾಳೆಗರಿಗಳಲ್ಲಿ ಇಲ್ಲಿನ ಬಸದಿಯಲ್ಲಿಯೇ ಉಳಿದುಬಂದಿತು. ಬಹುಕಾಲ ದರ್ಶನಕ್ಕಷ್ಟೇ ಮೀಸಲಾಗಿದ್ದ ಆ ಗರಿಗಳನ್ನು ಲಿಪಿಕಾರರು ಶ್ರಮಪಟ್ಟು ನಾಗರಿಗೆ ಇಳಿಸಿಕೊಂಡ ಮೇಲೆಯೇ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಹಿಂದಿ ಅನುವಾದದೊಂದಿಗೆ 16 ಸಂಪುಟಗಳು ಹೊರಬಂದು, ಕರಾವಳಿಯ ಬಸದಿಯೊಂದು ಕಾಪಾಡಿದ ಜ್ಞಾನವು ಉತ್ತರ ಭಾರತದ ಓದುಗರಿಗೂ ಎಟುಕಿತು.