ಹಗೇವಿನ ಬಾಯಿ ತೆರೆಯುವ ನಂಬಿಕೆ

“ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ?” ಕಷ್ಟದಲ್ಲಿರುವವರಿಗೆ ನಾವು ಥಟ್ಟನೆ ಹೇಳುವ ಮಾತಿದು. ಬೆಳೆ ಹೋದವರಿಗೂ ಇದೇ ಸಮಾಧಾನ, ಕೆಲಸ ಹೋದವರಿಗೂ ಇದೇ. ಹೇಳಿದವರು ಚಹಾ ಕುಡಿದು ಮನೆಗೆ ಹೋಗುತ್ತಾರೆ. ಕೇಳಿಸಿಕೊಂಡವರು ರಾತ್ರಿಯಿಡೀ ಲೆಕ್ಕ ಹಾಕುತ್ತಾ ಕೂರುತ್ತಾರೆ.

ನಾನು ಹೈದರಾಬಾದಿನ ಹಿಮಾಯತ್‌ನಗರಕ್ಕೆ ಬಂದು ಹನ್ನೊಂದು ವರ್ಷವಾಯಿತು. ಹುಟ್ಟೂರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಬರ ಎಂದರೇನು ಎಂದು ಅಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಹಾಗಾಗಿ ಈ ಗಾದೆಯನ್ನು ಕೇಳಿದಾಗಲೆಲ್ಲ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ: ಜನ ನಿಜವಾಗಿಯೂ ಹುಲ್ಲು, ಗೆಡ್ಡೆ, ಸೊಪ್ಪು ತಿಂದು ಬದುಕಲು ನೋಡಿದ ಕಾಲವೂ ಇತ್ತಲ್ಲ?

1876ರಿಂದ 1878ರವರೆಗಿನ ಬರವನ್ನೇ ನೋಡಿ. ಹಿರಿಯರು ಅದನ್ನು ಧಾತು, ಈಶ್ವರ ಸಂವತ್ಸರಗಳ ಬರ ಎಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಆಗ ನಮ್ಮ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಆ ಪ್ರಾಂತದ ಬರಗಾಲದ ಕಾಮಗಾರಿಗಳಲ್ಲಿ, ಖರ್ಚು ಉಳಿಸಬೇಕೆಂದು, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಲೆಕ್ಕದಲ್ಲಿ ಕೂಲಿ ನಿಗದಿಯಾಯಿತು. ಅದೇ ವರ್ಷಗಳಲ್ಲಿ ಭಾರತದ ಬಂದರುಗಳಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು. ಸತ್ತ ಆ ಲಕ್ಷಾಂತರ ಜನರಿಗೆ ದೇವರ ಮೇಲೆ ನಂಬಿಕೆ ಕಡಿಮೆಯಿತ್ತು ಎನ್ನಲು ಯಾರಿಗೆ ಬಾಯಿ ಬಂದೀತು? ಮಳೆ ಕೈಕೊಟ್ಟಿದ್ದು ನಿಜ. ಆದರೆ ಧಾನ್ಯ ಇದ್ದ ಕಡೆ ಬಾಗಿಲು ಮುಚ್ಚಿತ್ತು ಎನ್ನುವುದೂ ಅಷ್ಟೇ ನಿಜ.

ಹಾಗಾದರೆ ಬರಗಾಲದಲ್ಲಿ ದೇವರನ್ನು ನಂಬುವುದು ಎಂದರೇನು? ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ನಮ್ಮ ಗಡಿಯಾಚೆಯ ಒಂದು ಊರಿನ ಕಥೆಯಲ್ಲಿ.

ಇಂಡಿಯಿಂದ ರಾಜ್ಯದ ಗಡಿ ದಾಟಿ ಹೋದರೆ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಸಿಗುತ್ತದೆ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಇದ್ದ ಊರು ಅದು. ಕನ್ನಡ, ಮರಾಠಿ ಎರಡೂ ಅಲ್ಲಿ ಇಂದಿಗೂ ಬೆರೆತಿವೆ. 15ನೇ ಶತಮಾನದಲ್ಲಿ, ಬೀದರಿನ ಬಹಮನಿ ಸುಲ್ತಾನರ ಅಧಿಕಾರಿಯಾಗಿ ದಾಮಾಜಿ ಪಂತ ಎಂಬ ವಿಠ್ಠಲಭಕ್ತ ಅಲ್ಲಿದ್ದ. ಭೀಕರ ಬರ ಬಿತ್ತು. ಸರ್ಕಾರಿ ಕಣಜ ತುಂಬಿತ್ತು, ಬೀಗದ ಕೈ ದಾಮಾಜಿಯ ಹತ್ತಿರ ಇತ್ತು. ಸುಲ್ತಾನನ ಅಪ್ಪಣೆಗೆ ಕಾಯದೆ ಆತ ಕಣಜ ತೆರೆದು ಹಸಿದವರಿಗೆ ಹಂಚಿಬಿಟ್ಟ. ಸುದ್ದಿ ಮುಟ್ಟಿದ್ದೇ ತಡ, ಆತನನ್ನು ಹಿಡಿದು ಬೀದರಿಗೆ ಕರೆತರಲು ಆಜ್ಞೆಯಾಯಿತು. ಆತ ಹಾದಿಯಲ್ಲಿರುವಾಗಲೇ ವಿಠು ಎಂಬ ಮಹಾರನ ವೇಷದಲ್ಲಿ ಪಂಢರಪುರದ ವಿಠ್ಠಲ ದರ್ಬಾರಿಗೆ ಬಂದು, ಧಾನ್ಯದ ಪೂರ್ತಿ ಬೆಲೆಯನ್ನು ಹೊನ್ನಿನಲ್ಲಿ ಸುರಿದು ಹೋದ ಎನ್ನುತ್ತದೆ ಕಥೆ. ಸಂತರ ಚರಿತ್ರೆ ಬರೆದ ಮಹೀಪತಿ 18ನೇ ಶತಮಾನದಲ್ಲಿ ಇದನ್ನು ತನ್ನ ‘ಭಕ್ತವಿಜಯ’ದಲ್ಲಿ ಸೇರಿಸಿದ.

ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಗಮನಿಸಿದ್ದು ಬೇರೆ. ಕಥೆಯಲ್ಲಿ ವಿಠ್ಠಲ ಮಳೆ ಸುರಿಸಲಿಲ್ಲ. ಬರಿದಾದ ಕಣಜವನ್ನು ತುಂಬಿಸಲಿಲ್ಲ. ಹಸಿದವರ ಹೊಟ್ಟೆಗೆ ಅನ್ನ ಬಿದ್ದದ್ದು ದಾಮಾಜಿಯ ಕೈಯಿಂದ. ಬೀಗ ತೆಗೆದವನ ಬೆನ್ನಿಗೆ ಮಾತ್ರ ದೇವರು ನಿಂತ. “ನಾಳೆ ನನ್ನ ಗತಿಯೇನು” ಎಂಬ ಹೆದರಿಕೆ ಗೆಲ್ಲಲು ದಾಮಾಜಿಗೆ ಆ ನಂಬಿಕೆ ಬೇಕಿತ್ತು. ಪಡೆಯುವವನಿಗಿಂತ ಕೊಡುವವನಿಗೇ ದೇವರ ಮೇಲೆ ಹೆಚ್ಚು ನಂಬಿಕೆ ಬೇಕು!

ಇದನ್ನು ನನ್ನ ಅಜ್ಜಿ ಬೇರೆ ರೀತಿಯಲ್ಲಿ ಹೇಳುತ್ತಿದ್ದರು. 1972ರ ಬರದಲ್ಲಿ ಊರಿನ ಬಾವಿಗಳು ಬತ್ತಿ, ಗಂಡಸರು ಹೆಂಗಸರು ಎಲ್ಲರೂ ಜಲ್ಲಿ ಒಡೆಯುವ ಕಾಮಗಾರಿಗೆ ಹೋಗುತ್ತಿದ್ದರಂತೆ. ಆಗ ನಮ್ಮ ಓಣಿಯ ಒಬ್ಬರು ತಮ್ಮ ಹಗೇವಿನ ಬಾಯಿ ತೆಗೆಸಿ, ನಾಲ್ಕು ಮನೆಗಳಿಗೆ ಜೋಳ ಅಳೆದು ಕೊಟ್ಟರಂತೆ. “ಅವರ ಮನ್ಯಾಗೂ ಎಂಟು ಹೊಟ್ಟಿ ಇದ್ದುವು. ಮುಂದಿನ ವರ್ಷ ಮಳಿ ಆಗತೈತಿ ಅಂತ ಅವರಿಗೇನು ಕಾಗದ ಬಂದಿತ್ತೇನು?” ಎನ್ನುತ್ತಿದ್ದರು ಅಜ್ಜಿ.

ನಮ್ಮ ಕಾಲದ ಬರಕ್ಕೆ ಒಣಗಿದ ಹೊಲದ ಗುರುತಿಲ್ಲ, ಅದು ಇಮೇಲ್‌ನಲ್ಲಿ ಬರುತ್ತದೆ. 2023ರಲ್ಲಿ ಐಟಿ ವಲಯದಲ್ಲಿ ಲೇಆಫ್‌ಗಳ ಗಾಳಿ ಬೀಸಿದಾಗ ನನ್ನ ಕೆಲಸವೂ ಹೋಯಿತು. ಕೈಯಲ್ಲಿದ್ದ ಹಣ ನಾಲ್ಕು ತಿಂಗಳಿಗೆ ಸಾಕಾಗುವಷ್ಟು. ಮತ್ತೆ ಕೆಲಸ ಸಿಗಲು ಏಳು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಬೆಳಿಗ್ಗೆ ಹಿಮಾಯತ್‌ನಗರದ ಟಿಟಿಡಿ ಬಾಲಾಜಿ ಗುಡಿಯಲ್ಲಿ ಕೂತು ಬರುತ್ತಿದ್ದೆ. ಕನಕದಾಸರು ತಲ್ಲಣಿಸುವ ಮನಸ್ಸಿಗೆ ಧೈರ್ಯ ಹೇಳಿದ ಕೀರ್ತನೆ ನಮಗೆಲ್ಲ ಬಾಯಿಪಾಠ. ಬೆಟ್ಟದ ಮರಕ್ಕೂ ಕಲ್ಲಿನೊಳಗಿನ ಕಪ್ಪೆಗೂ ಉಣಿಸುವವನು ನಮ್ಮನ್ನು ಬಿಡುವನೇ ಎಂಬ ಭರವಸೆ ಅದರದು. ಅದನ್ನು ಗುನುಗಿದರೆ ನಿದ್ದೆ ಬರುತ್ತಿತ್ತು, ಮರುದಿನ ಇಂಟರ್‌ವ್ಯೂಗೆ ಕೂರುವ ಬಲವೂ ಬರುತ್ತಿತ್ತು. ಆದರೆ ಬಾಡಿಗೆ?

ಐದನೇ ತಿಂಗಳು ಮನೆಯ ಮಾಲಕಿಗೆ ವಿಷಯ ತಿಳಿಸಿದೆ. ಎಪ್ಪತ್ತು ದಾಟಿದ ತೆಲುಗು ಹೆಂಗಸು, ಒಬ್ಬರೇ ಇರುವವರು. ನಾನು ಕೊಡುವ ಬಾಡಿಗೆಯಲ್ಲೇ ಅವರ ಔಷಧಿ, ಮನೆ ಖರ್ಚು ನಡೆಯಬೇಕು. ಅವರು ತೆಲುಗಿನಲ್ಲಿ ಹೇಳಿದ್ದು ಇಷ್ಟೇ: “ಬಾಡಿಗೆ ಎಲ್ಲಿಗೂ ಓಡಿಹೋಗಲ್ಲ ನಾಯನಾ, ಮೊದಲು ಮಕ್ಕಳ ಫೀಸು ಕಟ್ಟು. ನನಗೆ ಬಾಲಾಜಿ ಇದ್ದಾನೆ.” ಮೂರು ತಿಂಗಳು ಅವರು ಬಾಡಿಗೆ ಕೇಳಲಿಲ್ಲ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದ ಕನ್ನಡಿಗರೊಬ್ಬರು ನನ್ನ ರೆಸ್ಯೂಮೆಯನ್ನು ತಮ್ಮ ಮ್ಯಾನೇಜರಿಗೆ ತಲುಪಿಸಿದರು. ಈಗಿನ ಕೆಲಸ ಸಿಕ್ಕಿದ್ದು ಹಾಗೆ. ನಾನು ಬಾಲಾಜಿಯನ್ನು ಬೇಡುತ್ತಿದ್ದೆ, ಆ ತಾಯಿ ಅದೇ ಬಾಲಾಜಿಯನ್ನು ನಂಬಿ ಕೊಡುತ್ತಿದ್ದರು. ಯಾರ ನಂಬಿಕೆ ದೊಡ್ಡದು, ನೀವೇ ಹೇಳಿ.

ಹಿಮಾಯತ್ ಎಂದರೆ ಉರ್ದುವಿನಲ್ಲಿ ಆಸರೆ, ರಕ್ಷಣೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದಾಗ, ಅಫ್ಜಲ್‌ಗಂಜ್‌ನ ಹುಣಸೆ ಮರವೊಂದನ್ನು ಹತ್ತಿ ಸುಮಾರು 150 ಜನ ಬದುಕಿದರು. ಮರ ದೇವರ ಕೃಪೆ ಎಂದವರು ಅಲ್ಲಿಗೇ ನಿಲ್ಲಲಿಲ್ಲ. ನಿಜಾಮರು ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರ ಯೋಜನೆಯಿಂದ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಸಿದ್ಧವಾದವು. ಪ್ರವಾಹ ತಡೆಯಲು ಕಟ್ಟಿದ ಅವು ಈ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೆಲಸ ಹೋದ ಸುದ್ದಿ ಬಂದಾಗ ಕೈಮುಗಿದ ಇಮೋಜಿಗಳು ಸಾಲುಸಾಲಾಗಿ ಬೀಳುತ್ತವೆ. ಬೀಳಲಿ, ಪ್ರಾರ್ಥನೆಯೂ ಬೇಕು. ಅದರ ಜೊತೆಗೆ ಒಂದು ಫೋನ್ ಮಾಡಿ, ಈ ತಿಂಗಳ ಬಾಡಿಗೆಗೆ ಏನು ಮಾಡಿದ್ದೀರಿ ಎಂದು ಕೇಳಿ. ಹುಟ್ಟಿಸಿದ ದೇವರು ಹುಲ್ಲು ಮೇಯಿಸಬಾರದು ಎಂದರೆ ನಮ್ಮ ನಮ್ಮ ಹಗೇವುಗಳ ಬಾಯಿ ತೆರೆದಿರಬೇಕು.