ಚರ್ಚಿನ ಪುಸ್ತಕಗಳು ಹೇಳಿದ ಲೆಕ್ಕ

1538ರಲ್ಲಿ ಇಂಗ್ಲೆಂಡಿನ ಮಂತ್ರಿಯಾಗಿದ್ದ ಥಾಮಸ್ ಕ್ರಾಮ್‌ವೆಲ್ ಒಂದು ಆಜ್ಞೆಯನ್ನು ಹೊರಡಿಸಿದನು. ಪ್ರತಿಯೊಂದು ಚರ್ಚಿನ ಪಾದ್ರಿಯೂ ತನ್ನ ವ್ಯಾಪ್ತಿಯಲ್ಲಿ ನಡೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕವೊಂದರಲ್ಲಿ ಬರೆದಿಡಬೇಕೆಂಬುದೇ ಆ ಆಜ್ಞೆ. ಮದುವೆಯಾಗದ ತಾಯಿಗೆ ಮಗು ಹುಟ್ಟಿದರೆ, ಎಷ್ಟೋ ಪಾದ್ರಿಗಳು ಅದನ್ನು ಬೇರೆಯಾಗಿ ಗುರುತಿಸುತ್ತಿದ್ದರು. ಆಗಿನ ಇಂಗ್ಲಿಷ್ ನ್ಯಾಯದ ದೃಷ್ಟಿಯಲ್ಲಿ ಅಂತಹ ಮಗು ‘ಯಾರ ಮಗನೂ ಅಲ್ಲ’. ತಂದೆಯ ಆಸ್ತಿಯಲ್ಲಿ ಅದಕ್ಕೆ ಉತ್ತರಾಧಿಕಾರವಿರಲಿಲ್ಲ. ತಪ್ಪು ಯಾರದೇ ಆಗಿರಲಿ, ಶಿಕ್ಷೆ ಮಾತ್ರ ಅರಿಯದ ಕೂಸಿಗೆ!

ಇಪ್ಪತ್ತನೆಯ ಶತಮಾನದಲ್ಲಿ ಪೀಟರ್ ಲ್ಯಾಸ್ಲೆಟ್, ರಿಗ್ಲಿ ಮೊದಲಾದ ಕೇಂಬ್ರಿಜ್ಜಿನ ವಿದ್ವಾಂಸರು ನೂರಾರು ಊರುಗಳ ಈ ಪುಸ್ತಕಗಳನ್ನು ತಾಳ್ಮೆಯಿಂದ ಎಣಿಸಿದರು. ಮದುವೆ ತಡವಾದಷ್ಟೂ ವಿವಾಹಬಾಹಿರ ಜನನಗಳು ಹೆಚ್ಚುತ್ತವೆಂದು ಯಾರಾದರೂ ಊಹಿಸಬಹುದು. ಆದರೆ ಕಂಡುಬಂದುದು ಇದಕ್ಕೆ ವಿರುದ್ಧವಾಗಿತ್ತು. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಹೆಣ್ಣುಮಕ್ಕಳು ಸರಾಸರಿ 26ರ ಸುಮಾರಿಗೆ ಮದುವೆಯಾಗುತ್ತಿದ್ದರು. ಕೊನೆಯವರೆಗೂ ಅವಿವಾಹಿತರಾಗಿ ಉಳಿದವರೂ ಅನೇಕರು. ಆದರೂ ಅಂತಹ ಜನನಗಳು ನೂರಕ್ಕೆ ಒಂದೆರಡು ಮಾತ್ರ. ಮುಂದಿನ ಶತಮಾನದಲ್ಲಿ ಮದುವೆಯ ವಯಸ್ಸು ಇಳಿಯಿತು. ವಿವಾಹಬಾಹಿರ ಜನನಗಳೋ ಏರುತ್ತ ಹೋಗಿ, 1800ರ ವೇಳೆಗೆ ನೂರಕ್ಕೆ ಐದರಷ್ಟಾದವು.

ಇದಕ್ಕೆ ಕಾರಣವೇನು? ಹಳ್ಳಿಗಳ ಅನೇಕ ಜೋಡಿಗಳು ಮದುವೆಯ ಮಾತುಕೊಟ್ಟುದನ್ನೇ ಅರ್ಧ ಮದುವೆಯೆಂದು ಭಾವಿಸಿದ್ದರು. ಕೂಲಿ ದೊರೆಯುವ ಕಾಲದಲ್ಲಿ ಇಂತಹ ಮಾತುಗಳೂ ಹೆಚ್ಚಿದವು. ಬಹುಪಾಲು ಜೋಡಿಗಳು ಚರ್ಚಿನ ಮೆಟ್ಟಿಲೇರಿದವು. ಆದರೆ ಕೆಲಸ ತಪ್ಪಿತೆಂದೋ, ಸೈನ್ಯಕ್ಕೆ ಸೇರಿದನೆಂದೋ, ಸತ್ತನೆಂದೋ ವರನು ಬಾರದೆ ಹೋದಾಗ ಹುಟ್ಟಿದ ಮಗು ಬೇರೆಯ ಲೆಕ್ಕಕ್ಕೆ ಸೇರಿತು.

1750ರ ಸುಮಾರಿಗೆ 60 ಲಕ್ಷದ ಆಸುಪಾಸಿನಲ್ಲಿದ್ದ ಇಂಗ್ಲೆಂಡಿನ ಜನಸಂಖ್ಯೆ 1801ರಲ್ಲಿ 80 ಲಕ್ಷವನ್ನು ದಾಟಿತ್ತು. ಈ ಏರಿಕೆಗೆ ವಿವಾಹಬಾಹಿರ ಜನನಗಳು ಸಲ್ಲಿಸಿದ ಪಾಲು ಅಲ್ಪ. ಬೇಗನೆ ನಡೆದ ಮದುವೆಗಳೇ ಮುಖ್ಯ ಕಾರಣ. ಅಲ್ಲದೆ ಹೀಗೆ ಹುಟ್ಟಿದ ಶಿಶುಗಳಲ್ಲಿ ಬದುಕಿ ಉಳಿಯುತ್ತಿದ್ದವು ಕಡಿಮೆ. ಥಾಮಸ್ ಕೋರಮ್ ಎಂಬ ಮುದಿ ನಾವಿಕನ ಶ್ರಮದಿಂದ ಲಂಡನ್ನಿನಲ್ಲಿ 1741ರಲ್ಲಿ ಅನಾಥ ಶಿಶುಗಳ ಆಶ್ರಯಧಾಮವೊಂದು ತೆರೆಯಿತು. 1756ರಿಂದ 1760ರವರೆಗೆ ಸರ್ಕಾರದ ಹಣದಿಂದ, ತಂದ ಶಿಶುಗಳನ್ನೆಲ್ಲ ಅಲ್ಲಿ ಸೇರಿಸಿಕೊಂಡರು. ಬಂದವು ಸುಮಾರು 15,000. ಅವುಗಳಲ್ಲಿ ಬಡ ದಂಪತಿಗಳ ಮಕ್ಕಳೂ ಇದ್ದರು. ಮೂರರಲ್ಲಿ ಎರಡು ಪಾಲು ಶಿಶುಗಳು ಬಾಲ್ಯದಲ್ಲೇ ತೀರಿಕೊಂಡವು.

ಮುಂದೆಂದಾದರೂ ಮಗುವನ್ನು ಮರಳಿ ಪಡೆಯುವಾಗ ಗುರುತಿಗಿರಲೆಂದು ಬಟ್ಟೆಯ ತುಂಡೊಂದನ್ನು ದಾಖಲೆಗೆ ಚುಚ್ಚಿಡುತ್ತಿದ್ದರು. ಮರಳಿ ತಾಯಿಯ ಮಡಿಲು ಸೇರಿದ ಮಕ್ಕಳು ತೀರ ವಿರಳ. ಸಾವಿರಾರು ಬಟ್ಟೆಯ ತುಂಡುಗಳು ಮಾತ್ರ ಲಂಡನ್ನಿನ ದಾಖಲೆಗಳಲ್ಲಿ ಇಂದಿಗೂ ಉಳಿದಿವೆ.